ಕೊಲ್ಹಾರದ ಗಡಿಗೆ ಮೊಸರು

ಗೋಳಗುಮ್ಮಟ ನೋಡಲು ವಿಜಯಪುರಕ್ಕೆ ಹೊರಡುವ ಸದಸ್ಯ ಬಾಂಧವರು, ದಾರಿಯಲ್ಲಿ ಊಟ ಎಲ್ಲಿ ಎಂದು ನಮ್ಮನ್ನು ಕೇಳುವುದುಂಟು. ಬಾಗಲಕೋಟೆಯ ಕಡೆಯಿಂದ ಹೋಗುವವರು ಕೃಷ್ಣೆಯ ಸೇತುವೆ ದಾಟಿ ಕೊಲ್ಹಾರದಲ್ಲಿ ಇಳಿಯಲಿ. 2005ರಲ್ಲಿ ಪೂರ್ಣಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರನ್ನು ನುಂಗಿತು. ಹೊಸ ಊರಿಗೆ ಬಂದ ಜನರೊಂದಿಗೆ ಮೊಸರಿನ ಕಸುಬೂ ಬಂತು.

ಎಮ್ಮೆಯ ಹಾಲನ್ನು ಚೆನ್ನಾಗಿ ಕಾಯಿಸಿ, ಹೆಪ್ಪು ಹಾಕಿ ಮಣ್ಣಿನ ಗಡಿಗೆಯಲ್ಲಿಡುತ್ತಾರೆ. ಮಣ್ಣು ನೀರನ್ನು ಹೀರಿ ಹೊರಗೆ ಬೆವರುತ್ತದೆ. ಒಳಗಿನ ಮೊಸರು ತಂಪಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ನಾವು ಗಡಿಗೆಯನ್ನು ಓರೆ ಮಾಡಿ ನೋಡಿದೆವು, ಮೊಸರು ಕದಲಲಿಲ್ಲ! ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಈ ಮೊಸರು. ಅನ್ನ ಉಂಡು ಬೆಳೆದ ಮಲೆನಾಡಿನವರಾದ ನಮಗೆ ಖಾರಕ್ಕೆ ಕಣ್ಣೀರು ಬಂದದ್ದೂ ನಿಜ.

ಹೊಸ ಬಗೆಯ ಹೋಟೆಲು ಬೇಕೆನ್ನುವವರಿಗೆ ವಿಜಯಪುರವಿದೆ. ಆದರೆ ಪನ್ನೀರು ನಮ್ಮ ಪೇಟೆಯಲ್ಲೂ ಸಿಗುತ್ತದೆ.

ಒಯ್ಯಲು ಪ್ಲಾಸ್ಟಿಕ್ ಡಬ್ಬಿ ಸುಲಭವೆಂದು ಅದನ್ನು ಕೇಳಬೇಡಿ. ಪ್ಲಾಸ್ಟಿಕ್ ಬೆವರುವುದಿಲ್ಲ, ಕುಂಬಾರನಿಗೂ ಅದರಿಂದ ಕೆಲಸವಿಲ್ಲ. "ಗಡಗಿ ನಿಮ್ದೇ, ಒಯ್ರಿ" ಎಂದರು ಮಾರುವ ತಾಯಿ. ಆಸೆಪಟ್ಟು ಎರಡು ಗಡಿಗೆ ತಂದೆವು. ಊರು ಮುಟ್ಟುವಷ್ಟರಲ್ಲಿ ಹುಳಿಯಾಗಿ ಮಜ್ಜಿಗೆಹುಳಿಗೆ ಹೋಯಿತು. ಅಲ್ಲೇ ಕುಳಿತು ಉಣ್ಣಿರಿ.