ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ಫಿಲ್ಟರ್ ಆಯ್ಕೆ ಹಾಗೂ ಆಯಿಲ್ ಒತ್ತಡದ ನಿರ್ವಹಣೆ – ರೈತರಿಗೆ ಮಾಹಿತಿ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಹಳೆಯ ಮಾದರಿಯ ಟ್ರ್ಯಾಕ್ಟರ್ ಹೊಂದಿರುವ ರೈತ ಬಾಂಧವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕೆಲವು ಹಳೆಯ ಮಾದರಿಗಳ ತಯಾರಿಕೆ ಈಗ ನಿಂತಿದೆ. ಉದಾಹರಣೆಗೆ, ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಆರಂಭಿಸಿದ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರಲ್ಲಿ ಅನುಮೋದನೆ ನೀಡಿತು. ಇಂತಹ ಟ್ರ್ಯಾಕ್ಟರ್‌ಗಳ ಮಾಲೀಕರು ಬಿಡಿಭಾಗಗಳನ್ನು ತಾವೇ ಪರಿಶೀಲಿಸಿ ಕೊಳ್ಳಬೇಕಾಗುತ್ತದೆ. ತಪ್ಪಾದ ಒಂದು ಫಿಲ್ಟರ್‌ನಿಂದ ಇಡೀ ಇಂಜಿನ್ ಹಾಳಾಗುವ ಸಂಭವವಿರುತ್ತದೆ.

1. ಆಯಿಲ್ ಒತ್ತಡ ಎಂದರೇನು?

ಆಯಿಲ್ ಪಂಪ್ ಇಂಜಿನ್‌ನ ತಳದಲ್ಲಿರುವ ಆಯಿಲನ್ನು ಎಳೆದು, ಫಿಲ್ಟರ್ ಮೂಲಕ ಕ್ರ್ಯಾಂಕ್ ಶಾಫ್ಟ್‌ನ ಬೇರಿಂಗ್‌ಗಳಿಗೆ ತಳ್ಳುತ್ತದೆ. ಶಾಫ್ಟ್ ಮತ್ತು ಬೇರಿಂಗ್ ನಡುವಿನ ತೆಳುವಾದ ಆಯಿಲ್ ಪದರವೇ ಲೋಹಕ್ಕೆ ಲೋಹ ತಾಗದಂತೆ ಕಾಪಾಡುತ್ತದೆ. ಬೇರಿಂಗ್ ಸವೆದು ಅಂತರ ಹೆಚ್ಚಿದಂತೆ ಆಯಿಲ್ ಸುಲಭವಾಗಿ ಹೊರಹರಿದು ಒತ್ತಡ ಇಳಿಯುತ್ತದೆ. ಫಿಲ್ಟರ್ ಆಯಿಲನ್ನು ಶುದ್ಧಗೊಳಿಸುತ್ತದೆಯೇ ಹೊರತು ಒತ್ತಡವನ್ನು ಹೆಚ್ಚಿಸುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ಇಂಜಿನ್ ಚೆನ್ನಾಗಿ ಕಾದ ನಂತರ ಕೆಲಸದ ವೇಗದಲ್ಲಿ ಒತ್ತಡವು ಸಾಮಾನ್ಯವಾಗಿ ಚದರ ಸೆಂ.ಮೀ.ಗೆ 2ರಿಂದ 4 ಕೆ.ಜಿ. ಇರುತ್ತದೆ. ಆಯಾ ಮಾದರಿಯ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಮೀಟರ್ ಪೌಂಡ್‌ಗಳಲ್ಲಿದ್ದರೆ, ಚದರ ಸೆಂ.ಮೀ.ಗೆ 1 ಕೆ.ಜಿ. ಎಂಬುದು ಚದರ ಅಂಗುಲಕ್ಕೆ ಸುಮಾರು 14 ಪೌಂಡ್‌ಗೆ ಸಮ.

2. ಫಿಲ್ಟರ್ ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು

ಅ) ಫಿಲ್ಟರ್‌ಗಳಲ್ಲಿ ಎರಡು ವಿಧಗಳಿವೆ. ಬಟ್ಟಲಿನೊಳಗೆ ಕಾಗದದ ಒಳಭಾಗವನ್ನು ಮಾತ್ರ ಬದಲಿಸುವುದು ಒಂದು. ಡಬ್ಬಿಯಂತೆ ಇಡಿಯಾಗಿ ತಿರುಗಿಸಿ ಕೂರಿಸುವುದು ಮತ್ತೊಂದು.
ಆ) ಥ್ರೆಡ್ ಹೊಂದಿಕೊಂಡ ಮಾತ್ರಕ್ಕೆ ಫಿಲ್ಟರ್ ಸರಿಯಾದುದೆಂದು ಭಾವಿಸಬಾರದು. ಕೈಪಿಡಿಯಲ್ಲಿರುವ ಭಾಗದ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಗ್ಯಾಸ್ಕೆಟ್‌ನ ಅಳತೆಯೂ ಒಂದೇ ಆಗಿರಬೇಕು.
ಇ) ಫಿಲ್ಟರ್ ಕಟ್ಟಿಕೊಂಡಾಗ ಬೇರಿಂಗ್‌ಗಳಿಗೆ ಆಯಿಲ್ ತಪ್ಪದಂತೆ ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಈ ವಾಲ್ವ್ ಕೆಲವು ಮಾದರಿಗಳಲ್ಲಿ ಫಿಲ್ಟರ್ ಒಳಗೂ, ಕೆಲವುಗಳಲ್ಲಿ ಇಂಜಿನ್ ಭಾಗದಲ್ಲೂ ಇರುತ್ತದೆ. ವಾಲ್ವ್ ಇರಬೇಕಾದಲ್ಲಿ ಇಲ್ಲದ ಫಿಲ್ಟರ್ ಹಾಕಿದರೆ ಬೇರಿಂಗ್‌ಗಳಿಗೆ ಆಯಿಲ್ ಕಡಿಮೆಯಾಗುತ್ತದೆ. ವಾಲ್ವ್ ಬೇಗನೆ ತೆರೆಯುವಂತಹದಾಗಿದ್ದರೆ ಶೋಧಿಸದ ಆಯಿಲ್ ಹರಿಯುತ್ತದೆ.
ಈ) ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂರುವ ಫಿಲ್ಟರ್‌ನಲ್ಲಿ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಇರುವುದು ಅವಶ್ಯಕ.

3. ಅಳವಡಿಸುವ ವಿಧಾನ

ಹಳೆಯ ಗ್ಯಾಸ್ಕೆಟ್ ಇಂಜಿನ್‌ಗೆ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೊಸ ಗ್ಯಾಸ್ಕೆಟ್‌ಗೆ ಆಯಿಲ್ ಸವರಿ, ಡಬ್ಬಿ ಮಾದರಿಯ ಫಿಲ್ಟರನ್ನು ಕೈಯಿಂದಲೇ ಬಿಗಿಗೊಳಿಸಬೇಕು. ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದು ಹಿಡಿದು, ಮೀಟರ್ ಮೇಲೇಳುವವರೆಗೆ ಸ್ವಲ್ಪ ಸ್ವಲ್ಪವಾಗಿ ಸ್ಟಾರ್ಟರ್ ತಿರುಗಿಸಿ, ಅನಂತರ ಚಾಲನೆ ಮಾಡತಕ್ಕದ್ದು. ಸೋರಿಕೆಯನ್ನು ಪರಿಶೀಲಿಸಿ, ಇಂಜಿನ್ ನಿಲ್ಲಿಸಿದ ಕೆಲವು ನಿಮಿಷಗಳ ನಂತರ ಆಯಿಲ್ ಮಟ್ಟವನ್ನು ಮತ್ತೊಮ್ಮೆ ನೋಡಬೇಕು.

4. ಸ್ಥಳೀಯ ಪರಿಸ್ಥಿತಿಗೆ ಅನುಗುಣವಾದ ಎಚ್ಚರಿಕೆ

ಹೊನ್ನಾಳಿ ಮತ್ತು ಚನ್ನಗಿರಿಯ ಭದ್ರಾ ಅಚ್ಚುಕಟ್ಟಿನಲ್ಲಿ ಕೇಜ್ ವೀಲ್ ಹಾಕಿ ಭತ್ತದ ಗದ್ದೆ ಕೆಸರು ಮಾಡುವಾಗ ಟ್ರ್ಯಾಕ್ಟರ್ ಒಂದು ಬದಿಗೆ ವಾಲುತ್ತದೆ. ಆಯಿಲ್ ಮಟ್ಟ ಕಡಿಮೆಯಿದ್ದರೆ ಆಗ ಪಂಪ್ ಗಾಳಿಯನ್ನು ಎಳೆದುಕೊಳ್ಳಬಹುದು. ಆದ್ದರಿಂದ ಪ್ರತಿದಿನ ಗದ್ದೆಗೆ ಇಳಿಯುವ ಮೊದಲು ಸಮತಟ್ಟು ನೆಲದಲ್ಲಿ ಮಟ್ಟ ಪರಿಶೀಲಿಸಬೇಕು.

ಜಗಳೂರು ಮತ್ತು ನ್ಯಾಮತಿ ಭಾಗದಲ್ಲಿ ಮೆಕ್ಕೆಜೋಳದ ಒಕ್ಕಣೆಗೆ ಟ್ರ್ಯಾಕ್ಟರನ್ನು ಧೂಳಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ ನಡೆಸಲಾಗುತ್ತದೆ. ಏರ್ ಕ್ಲೀನರ್ ಮೂಲಕ ಒಳಸೇರುವ ಧೂಳು ಆಯಿಲನ್ನು ಕೆಡಿಸುತ್ತದೆ. ಇಂತಹ ದಿನಗಳಲ್ಲಿ ಏರ್ ಕ್ಲೀನರ್ ಅನ್ನು ಪ್ರತಿದಿನ ಸ್ವಚ್ಛಗೊಳಿಸಿ, ಆಯಿಲ್ ಮತ್ತು ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಬೇಗನೆ ಬದಲಿಸುವುದು ಸೂಕ್ತ. ಗಂಟೆ ಮೀಟರ್ ಕೆಟ್ಟಿದ್ದಲ್ಲಿ ಕೆಲಸದ ಗಂಟೆಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು.

5. ಒತ್ತಡ ಇಳಿದಾಗ ಕೈಗೊಳ್ಳಬೇಕಾದ ಕ್ರಮಗಳು

ಅ) ಕೂಡಲೇ ಇಂಜಿನ್ ನಿಲ್ಲಿಸಬೇಕು. "ಈ ಸಾಲು ಮುಗಿಯಲಿ" ಎಂದು ಮುಂದುವರಿಸಬಾರದು.
ಆ) ಆಯಿಲ್ ಮಟ್ಟವನ್ನು ನೋಡಬೇಕು. ಮಟ್ಟ ತಾನಾಗಿ ಏರಿ, ಡೀಸೆಲ್ ವಾಸನೆ ಬಂದರೆ ಡೀಸೆಲ್ ಬೆರೆತು ಆಯಿಲ್ ತೆಳುವಾಗಿದೆ ಎಂದು ತಿಳಿಯಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.
ಇ) ಮೀಟರ್ ಕೆಟ್ಟಿರುವ ಸಾಧ್ಯತೆಯೂ ಇರುವುದರಿಂದ ಮೆಕ್ಯಾನಿಕ್‌ರಿಂದ ಬೇರೊಂದು ಮೀಟರ್ ಅಳವಡಿಸಿ ಅಳೆಸಬೇಕು.
ಈ) ಒತ್ತಡ ನಿಜವಾಗಿಯೂ ಕಡಿಮೆಯಿದ್ದಲ್ಲಿ ಆಯಿಲ್ ಜಾಲರಿ, ರಿಲೀಫ್ ವಾಲ್ವ್‌ನ ಸ್ಪ್ರಿಂಗ್, ಪಂಪ್ ಮತ್ತು ಬೇರಿಂಗ್‌ಗಳನ್ನು ಕ್ರಮವಾಗಿ ಪರೀಕ್ಷಿಸಬೇಕು.

ಮಂದವಾದ ಆಯಿಲ್ ತುಂಬಿ ಅಥವಾ ಸ್ಪ್ರಿಂಗ್ ಬಿಗಿಗೊಳಿಸಿ ಮೀಟರಿನ ಮುಳ್ಳನ್ನು ಮೇಲೇರಿಸುವುದು ಪರಿಹಾರವಲ್ಲ. ಇದರಿಂದ ಸವೆತ ಮರೆಯಾಗುತ್ತದೆ, ನಿಲ್ಲುವುದಿಲ್ಲ. ಸಕಾಲದಲ್ಲಿ ಬೇರಿಂಗ್ ಬದಲಿಸಿದರೆ ಮುಗಿಯುವ ಖರ್ಚು, ತಡಮಾಡಿದರೆ ಕ್ರ್ಯಾಂಕ್ ಶಾಫ್ಟ್‌ವರೆಗೆ ಬೆಳೆಯುತ್ತದೆ.

6. ಸಂಬಂಧಿಸಿದ ಸೇವೆಗಳು

• ಟ್ರ್ಯಾಕ್ಟರ್ ದುರಸ್ತಿಯಲ್ಲಿರುವಾಗ, 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯ ಬಾಡಿಗೆ ಕೇಂದ್ರಗಳಲ್ಲಿ ಯಂತ್ರೋಪಕರಣಗಳ ಲಭ್ಯತೆಯನ್ನು ವಿಚಾರಿಸಬಹುದಾಗಿದೆ.
• ನೋಂದಣಿಯಾಗಿ 15 ವರ್ಷ ಪೂರೈಸಿದ ಟ್ರ್ಯಾಕ್ಟರ್‌ಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಸಾರಿಗೆ ಕಛೇರಿಗೆ ಅರ್ಜಿ ಸಲ್ಲಿಸಬೇಕು. ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ ಅರ್ಜಿ ಸಲ್ಲಿಸಬಹುದು. ವಾಹನದ ತಪಾಸಣೆ ಇರುವುದರಿಂದ ಆಯಿಲ್ ಸೋರಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.
• ಬಳಸಿದ ಆಯಿಲನ್ನು ಕೆರೆ, ಕಾಲುವೆ, ಬಾವಿ ಅಥವಾ ಜಮೀನಿಗೆ ಸುರಿಯದೆ, ಮುಚ್ಚಿದ ಡಬ್ಬದಲ್ಲಿ ಸಂಗ್ರಹಿಸಿ ಅಧಿಕೃತ ಸಂಗ್ರಹಕಾರರಿಗೆ ನೀಡಬೇಕು.

ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ಕೋರಲಾಗಿದೆ.