ಅನುಮಾನಕ್ಕೊಂದು ಅಳತೆಗೋಲು

ಕನ್ನಡದಲ್ಲಿ ‘ಅನುಮಾನ’ ಎಂಬ ಶಬ್ದಕ್ಕೆ ಎರಡು ಮುಖಗಳಿವೆ. ನ್ಯಾಯಶಾಸ್ತ್ರದ ಪಂಡಿತನಿಗೆ ಅದೊಂದು ಪ್ರಮಾಣ; ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವ ಬಗೆ. ಅಂಗಡಿಯಲ್ಲಿ ಸೀರೆಯ ಸೆರಗು ಹಿಡಿದು ನೋಡುವ ಗೃಹಿಣಿಗೆ ಅದೇ ಶಬ್ದ ಸಂಶಯ. ‘ಇದು ಕೈಮಗ್ಗದ್ದೇ ಹೌದೋ ಅಲ್ಲವೋ’ ಎಂಬ ಶಂಕೆ. ಒಂದೇ ಮಾತು ತಿಳಿವನ್ನೂ ಶಂಕೆಯನ್ನೂ ಹೇಗೆ ಹೊತ್ತುಕೊಂಡಿತೆಂಬುದನ್ನು ಭಾಷಾಶಾಸ್ತ್ರಜ್ಞರು ಚರ್ಚಿಸಲಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಗಣಿತವೊಂದುಂಟು. ಬೇಯ್ಸ್ ವಿಧಾನವೆಂದು ಅದರ ಹೆಸರು. ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳಲ್ಲಿ ಸಂಶೋಧನೆಗೆ ತೊಡಗಿದ ನಮ್ಮ ತರುಣ ತರುಣಿಯರು ಇಂದು ಮನೆಯ ಗಣಕಯಂತ್ರದ ಮುಂದೆ ಕುಳಿತೇ ಅದನ್ನು ಕಲಿಯಬಹುದಾಗಿದೆ.

ರಬಕವಿಯನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಈ ಊರು ತನ್ನ ಜೋಡಿ ಊರಾದ ಬನಹಟ್ಟಿಯೊಡನೆ ನೇಕಾರಿಕೆಗೆ ಹೆಸರಾದದ್ದು. ಕೈಮಗ್ಗದ ಲಾಳಿಯ ಸದ್ದನ್ನು ವಿದ್ಯುತ್ ಮಗ್ಗದ ಗದ್ದಲ ಬಹುಮಟ್ಟಿಗೆ ನುಂಗಿರುವ ಕಾಲವಿದು. ಕೈಮಗ್ಗ ಉಳಿದಿರುವ ಮನೆಗಳ ಪೈಕಿ ಎಷ್ಟರಲ್ಲಿ ಮೂವತ್ತು ವರುಷಕ್ಕೆ ಕೆಳಗಿನವರು ಮಗ್ಗಕ್ಕೆ ಕುಳಿತಿದ್ದಾರೆ? ಸಂಶೋಧಕಿಯೊಬ್ಬಳು ಈ ಪ್ರಶ್ನೆಯನ್ನು ಹಿಡಿದು ಓಣಿಗೆ ಇಳಿದಳೆನ್ನಿ. ಅವಳು ಬರೆಯುವ ಅಂಕಿ ನಾಳೆ ಯಾವುದೋ ವರದಿಯನ್ನು ಸೇರೀತು. ಆ ವರದಿಯ ಮೇಲೆ ನೂಲಿನ ನೆರವು, ತರಬೇತಿ, ಸಾಲ ಇವುಗಳ ತೀರ್ಮಾನವಾದೀತು. ಆದ್ದರಿಂದ ಅಂಕಿ ಎಷ್ಟೆಂಬುದರಷ್ಟೇ ಅದನ್ನು ಎಷ್ಟು ನಂಬಬಹುದೆಂಬುದೂ ಮುಖ್ಯ.

ಲೆಕ್ಕ ತಿಳಿಯಲೆಂದು ಕೆಲವು ಕಲ್ಪಿತ ಅಂಕಿಗಳನ್ನು ಇಟ್ಟುಕೊಳ್ಳುವೆ. ಪೇಟೆಯಲ್ಲಿ ಓದಿ ಬಂದ ತರುಣ ‘ಹತ್ತು ಮನೆಗಳಲ್ಲಿ ಮೂರರಲ್ಲಿ ಇದ್ದಾರು’ ಎನ್ನುತ್ತಾನೆ. ಹಿರಿಯ ನೇಕಾರರು ‘ಛೇ, ಎಂಟರಲ್ಲಿ ಇದ್ದಾರೆ’ ಎನ್ನುತ್ತಾರೆ. ಇಬ್ಬರ ನಂಬಿಕೆಗೂ ಹತ್ತು ಮನೆಗಳನ್ನು ಕಂಡಷ್ಟು ತೂಕ ಕೊಡೋಣ. ಸಂಶೋಧಕಿ ಇಪ್ಪತ್ತು ಮನೆಗಳನ್ನು ನೋಡಿದಾಗ ಒಂಬತ್ತರಲ್ಲಿ ಎಳೆಯರು ಸಿಕ್ಕರು. ತರುಣನ ಮೂರಕ್ಕೆ ಒಂಬತ್ತು ಕೂಡಿಸಿದರೆ ಹನ್ನೆರಡು. ಒಟ್ಟು ಮನೆಗಳು ಮೂವತ್ತು. ಅಂದರೆ ಶೇಕಡಾ 40. ಹಿರಿಯರ ಎಂಟಕ್ಕೆ ಒಂಬತ್ತು ಕೂಡಿಸಿದರೆ ಹದಿನೇಳು. ಅಂದರೆ ಶೇಕಡಾ 57. ಜಗಳ ಇನ್ನೂ ಹರಿದಿಲ್ಲ. ಇನ್ನೂರು ಮನೆಗಳನ್ನು ನೋಡಿ ತೊಂಬತ್ತರಲ್ಲಿ ಕಂಡರೋ, ತರುಣನ ಉತ್ತರ ಶೇಕಡಾ 44, ಹಿರಿಯರದು 47. ಸಾಕ್ಷ್ಯ ಹೆಚ್ಚಿದಂತೆ ಮನಸ್ಸುಗಳು ಹತ್ತಿರ ಬಂದವು. ಜೊತೆಗೆ ಉತ್ತರದ ಹರವೂ ಕಿರಿದಾಗುತ್ತದೆ. ತರುಣನ ನಂಬಿಕೆಯಿಂದ ಹೊರಟರೆ, ನಿಜವಾದ ಅಂಶ ಇಪ್ಪತ್ತು ಮನೆಗಳ ಮೇಲೆ ಸುಮಾರು 24ರಿಂದ 58ರ ನಡುವೆ ಇದೆಯೆಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. ಇನ್ನೂರು ಮನೆಗಳ ಮೇಲೆ 38ರಿಂದ 51ರ ನಡುವೆ.

ವಿಧಾನದ ತಿರುಳು ಇಷ್ಟೇ: ಮೊದಲಿನ ನಂಬಿಕೆಯನ್ನು ಬಚ್ಚಿಡದೆ ಬರೆ, ಕಂಡದ್ದನ್ನು ಅದಕ್ಕೆ ಸೇರಿಸು, ನಂಬಿಕೆಯನ್ನು ತಿದ್ದಿಕೊ. ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿದ್ದ ಪಾದ್ರಿ ಥಾಮಸ್ ಬೇಯ್ಸ್ ಇದನ್ನು ಬರೆದಿಟ್ಟು 1761ರಲ್ಲಿ ತೀರಿಕೊಂಡ. ಅವನ ಮಿತ್ರ ರಿಚರ್ಡ್ ಪ್ರೈಸ್‌ನ ಪ್ರಯತ್ನದಿಂದ 1763ರಲ್ಲಿ ಲೇಖನ ಅಚ್ಚಾಯಿತು. ಫ್ರಾನ್ಸಿನ ಲಾಪ್ಲಾಸ್ ಅದೇ ವಿಚಾರವನ್ನು ಸ್ವತಂತ್ರವಾಗಿ ಬೆಳೆಸಿದ. ಮುಂದೆ ಅದಕ್ಕೆ ವಿರೋಧಿಗಳೂ ಹುಟ್ಟಿದರು. ಅವರಲ್ಲಿ ಪ್ರಮುಖ ರೊನಾಲ್ಡ್ ಫಿಷರ್. ನಮ್ಮ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿ ಜಗದ್ವಿಖ್ಯಾತರಾದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರಿಗೆ ಕೇಂಬ್ರಿಜ್‌ನಲ್ಲಿ ಗುರುವಾಗಿದ್ದವರು ಇದೇ ಫಿಷರ್. ಸಂಶೋಧಕನ ಸ್ವಂತ ನಂಬಿಕೆಗೆ ಶಾಸ್ತ್ರದಲ್ಲಿ ಸ್ಥಾನವೇಕೆಂಬುದು ವಿರೋಧಿಗಳ ಆಕ್ಷೇಪ. ಆಕ್ಷೇಪ ಹಗುರವಾದದ್ದಲ್ಲ. ಪೂರ್ವಜ್ಞಾನಕ್ಕೂ ಪೂರ್ವಗ್ರಹಕ್ಕೂ ನಡುವಿನ ಗೋಡೆ ತೆಳುವಾದದ್ದು. ಆದರೆ ಕಾಗದದ ಮೇಲೆ ಬರೆದಿಟ್ಟ ಪೂರ್ವಗ್ರಹವನ್ನು ಮತ್ತೊಬ್ಬರು ಓದಿ ಪ್ರಶ್ನಿಸಬಹುದು. ಮನಸ್ಸಿನಲ್ಲೇ ಉಳಿದದ್ದನ್ನು ಯಾರು ಪ್ರಶ್ನಿಸಬೇಕು?

ಮೇಲಿನ ಲೆಕ್ಕಕ್ಕೆ ಸ್ಲೇಟು ಬಳಪ ಸಾಕು. ಓಣಿ ಓಣಿಗೂ ಬೇರೆ ಅಂಶ, ಮನೆಯ ಸಾಲ, ಓದು, ಕೂಲಿ ಎಲ್ಲವೂ ಸೇರಿದಾಗ ಮಾತ್ರ ಅದು ಕೈ ಮೀರುತ್ತದೆ. ಈ ಗಂಟನ್ನು ಬಿಡಿಸಿದ ಉಪಾಯ ಇಸ್ಪೀಟಿನಿಂದ ಬಂತೆಂದರೆ ವಾಚಕರು ನಗಬಾರದು! 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಒಬ್ಬನೇ ಆಡುವ ಎಲೆಯಾಟದಲ್ಲಿ ತೊಡಗಿದ್ದ. ಗೆಲ್ಲುವ ಸಂಭವವೆಷ್ಟೆಂದು ಸೂತ್ರದಿಂದ ಹುಡುಕುವುದಕ್ಕಿಂತ ನೂರು ಬಾರಿ ಆಡಿ ಎಣಿಸುವುದೇ ಸುಲಭವೆಂದು ಅವನಿಗೆ ಹೊಳೆಯಿತು. ಮಾಂಟೆ ಕಾರ್ಲೊ ವಿಧಾನದ ಬೀಜ ಅದೇ. ಯಂತ್ರವು ಸಾವಿರಾರು ಬಾರಿ ‘ಆಡಿ’ ಉತ್ತರದ ಚಿತ್ರ ಬಿಡಿಸುತ್ತದೆ. 1989ರಲ್ಲಿ ಕೇಂಬ್ರಿಜ್‌ನಲ್ಲಿ ಆರಂಭವಾದ ಬಗ್ಸ್ ಎಂಬ ತಂತ್ರಾಂಶ ಇದನ್ನು ಸಂಶೋಧಕರ ಕೈಗೆ ತಂದಿತು. 2012ರಲ್ಲಿ ಹೊರಬಂದ ಸ್ಟ್ಯಾನ್ ಉಲಾಮ್‌ನ ಹೆಸರನ್ನೇ ಹೊತ್ತಿದೆ. ಹೊಸಬರಿಗೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಜಾಸ್ಪ್ ಅನುಕೂಲ. ಅದು ಉಚಿತ, ಸಂಕೇತಭಾಷೆ ತಿಳಿಯದವರೂ ಗುಂಡಿ ಒತ್ತಿ ನಡೆಸಬಹುದು. ಆ ಗುಂಡಿಯೇ ಅಪಾಯವೂ ಹೌದೆಂದು ನನ್ನ ಅಭಿಪ್ರಾಯ. ತಂತ್ರಾಂಶ ತಾನಾಗಿ ಒದಗಿಸುವ ಪೂರ್ವನಂಬಿಕೆ ಯಾವುದೆಂದು ನೋಡದೆ ಮುಂದೆ ಹೋದವರು ಪರರ ನಂಬಿಕೆಯನ್ನು ತಮ್ಮ ವರದಿಯಲ್ಲಿ ಅಚ್ಚು ಹಾಕಿಸುತ್ತಾರೆ.

ಬಡ ಓಣಿಗೆ ಈ ವಿಧಾನದಿಂದ ಆಗುವ ಉಪಕಾರ ಒಂದುಂಟು. ಒಂದು ಓಣಿಯ ಐದೇ ಮನೆಗಳನ್ನು ಕೇಳಿದಾಗ ಎಲ್ಲಿಯೂ ಎಳೆಯರು ಸಿಗಲಿಲ್ಲವೆನ್ನಿ. ಬರಿಯ ಶೇಕಡಾವಾರು ಲೆಕ್ಕ ‘ಸೊನ್ನೆ’ ಎನ್ನುತ್ತದೆ. ಓಣಿ ವರದಿಯಿಂದ ಅಳಿಸಿಹೋಗುತ್ತದೆ. ಓಣಿಗಳನ್ನೆಲ್ಲ ಒಂದೇ ಊರಿನ ಮಕ್ಕಳೆಂದು ಕೂಡಿಸಿ ನೋಡುವ ಶ್ರೇಣೀಕೃತ ಮಾದರಿಯಾದರೋ ಊರಿನ ಸಾಕ್ಷ್ಯವನ್ನು ಓಣಿಗೆ ಕಡ ಕೊಟ್ಟು, ‘ಸೊನ್ನೆಯೆನ್ನಲು ಐದು ಮನೆ ಸಾಲದು’ ಎಂದು ಹೇಳುತ್ತದೆ.

ಬಾಗಿಲಲ್ಲಿ ಹೇಳಿದ ಸುಳ್ಳನ್ನು ಮಾತ್ರ ಯಾವ ತಂತ್ರಾಂಶವೂ ಕಂಡುಹಿಡಿಯಲಾರದು. ನೆರವು ಬರುವುದೆಂದು ತಿಳಿದರೆ ಮೂಲೆಯಲ್ಲಿ ಧೂಳು ಹಿಡಿದ ಮಗ್ಗವೂ ‘ನಡೆಯುತ್ತಿದೆ’ ಎನಿಸಿಕೊಳ್ಳಬಹುದು. ಕೇಳುವವರು ಒಳಗೆ ಹೋಗಿ ಹಾಸು ಹೊಕ್ಕುಗಳನ್ನು ಕಣ್ಣಾರೆ ನೋಡಬೇಕು. ಕಲಿಯುವವರು ಮೊದಲು ಇಪ್ಪತ್ತು ಮನೆಗಳ ಲೆಕ್ಕವನ್ನು ಕೈಯಿಂದ ಮಾಡಲಿ. ಅದನ್ನೇ ಯಂತ್ರಕ್ಕೆ ಕೊಡಲಿ. ಎರಡೂ ಒಂದೇ ಬಂದಾಗ ದೊಡ್ಡ ಮಾದರಿಗೆ ಕೈಯಿಕ್ಕಲಿ. ವರದಿ ಬರೆಯುವಾಗ ತರುಣನ ನಂಬಿಕೆಯಿಂದ ಬಂದ ಉತ್ತರವನ್ನೂ ಹಿರಿಯರ ನಂಬಿಕೆಯಿಂದ ಬಂದ ಉತ್ತರವನ್ನೂ ಅಕ್ಕಪಕ್ಕದಲ್ಲಿ ಕೊಟ್ಟು, ಎಷ್ಟು ಮನೆಗಳನ್ನು ನೋಡಿದೆವೆಂಬುದನ್ನು ಅದೇ ಪುಟದಲ್ಲಿ ಬರೆಯಲಿ.