ಧ್ವನಿವರ್ಧನೆಯ ಎರಡು ದಾರಿಗಳು

ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಗಡಿಗೆ ತಾಗಿಕೊಂಡಿರುವ ಗ್ರಾಮ. ಅಡಕೆಯ ತೋಟಗಳು, ರಬ್ಬರಿನ ಮರಗಳು, ಏರುತಗ್ಗಿನ ದಾರಿಗಳು. ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಅನೇಕ ಕಡೆ ಕೂಗಳತೆಗಿಂತ ಹೆಚ್ಚಿನ ಅಂತರ. ದೀಪಾವಳಿಯ ಅನಂತರ ಪತ್ತನಾಜೆಯವರೆಗೆ ಈ ಸೀಮೆಗೆ ಯಕ್ಷಗಾನದ ಕಾಲ. ಬಯಲಿನಲ್ಲಿ ರಂಗಸ್ಥಳ ಸಿದ್ಧವಾಯಿತೆಂದರೆ ಸಂಜೆಯ ಚೆಂಡೆಯ ಕೇಳಿ ಗುಡ್ಡದಿಂದ ಗುಡ್ಡಕ್ಕೆ ಹಾಯ್ದು ಆಟದ ಸುದ್ದಿಯನ್ನು ತಾನೇ ಮುಟ್ಟಿಸುತ್ತದೆ. ಚೆಂಡೆಗೆ ಯಾವ ಯಂತ್ರದ ನೆರವೂ ಬೇಕಾಗಿಲ್ಲ. ಭಾಗವತರ ಕಂಠದ ಮಾತು ಬೇರೆ. ಮೈಕಿಲ್ಲದ ಕಾಲದಲ್ಲಿ ಭಾಗವತರು ಚೆಂಡೆ ಮದ್ದಳೆಗಳ ನಾದವನ್ನು ಮೀರಿ ಹಾಡಬೇಕಾಗಿತ್ತು. ಪ್ರೇಕ್ಷಕರೂ ರಂಗಸ್ಥಳಕ್ಕೆ ಒತ್ತಿಕೊಂಡು ಕುಳಿತಿರುತ್ತಿದ್ದರು. ಇಂದಿನ ಪ್ರೇಕ್ಷಕನಾದರೋ ಬಯಲಿನ ಕೊನೆಯಲ್ಲಿ ಕುಳಿತಿದ್ದರೂ ಅರ್ಥಗಾರಿಕೆಯ ಒಂದೊಂದು ಮಾತೂ ಕಿವಿಗೆ ಬೀಳಬೇಕೆಂದು ಬಯಸುತ್ತಾನೆ. ಈ ಬಯಕೆಯನ್ನು ಪೂರೈಸುವುದು ಮೈಕು ಮತ್ತು ಸ್ಪೀಕರುಗಳ ನಡುವೆ ಇರುವ ಒಂದು ಪೆಟ್ಟಿಗೆ. ಆಂಪ್ಲಿಫೈಯರ್ ಎಂದು ಜನರು ಕರೆಯುವ ಅದನ್ನು ಇಲ್ಲಿ ವರ್ಧಕವೆಂದು ಕರೆಯಬಹುದು.

ಮೈಕಿನಲ್ಲಿ ಹುಟ್ಟುವ ವಿದ್ಯುತ್ ಸಂಕೇತ ಅತ್ಯಂತ ಕ್ಷೀಣವಾದುದು. ವರ್ಧಕವು ಆ ಸಂಕೇತವನ್ನೇ ಹಿಗ್ಗಿಸುತ್ತದೆಂದು ಅನೇಕರು ಭಾವಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ಸ್ಪೀಕರನ್ನು ನಡುಗಿಸುವ ಶಕ್ತಿ ಬರುವುದು ವಿದ್ಯುತ್ ಕಂಬದ ತಂತಿಯಿಂದ ಅಥವಾ ಬ್ಯಾಟರಿಯಿಂದ. ಆ ಶಕ್ತಿಯನ್ನು ಎಷ್ಟೆಷ್ಟು ಹೊತ್ತಿಗೆ ಎಷ್ಟೆಷ್ಟು ಹರಿಯಬಿಡಬೇಕೆಂದು ಅಪ್ಪಣೆ ಕೊಡುವುದಷ್ಟೇ ಮೈಕಿನ ಸಂಕೇತದ ಕೆಲಸ. ಅಪ್ಪಣೆಯನ್ನು ನಡೆಸಿಕೊಡುವವು ಹಿಂದೆ ನಿರ್ವಾತ ನಳಿಗೆಗಳಾಗಿದ್ದುವು. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರಿನ ಆವಿಷ್ಕಾರವಾದ ಮೇಲೆ ಕ್ರಮೇಣ ಆ ಕೆಲಸ ಅದರ ಪಾಲಿಗೆ ಬಂದಿತು. ಈ ಅಪ್ಪಣೆಯನ್ನು ನಡೆಸುವ ಬಗೆಯಲ್ಲಿಯೇ ಹಳೆಯ ವರ್ಧಕಗಳಿಗೂ ಹೊಸ ವರ್ಧಕಗಳಿಗೂ ಇರುವ ಭೇದವೆಲ್ಲ ಅಡಗಿದೆ.

ಸಾಂಪ್ರದಾಯಿಕ ವರ್ಧಕದಲ್ಲಿ ಟ್ರಾನ್ಸಿಸ್ಟರು ಅರೆ ತೆರೆದ ನಲ್ಲಿಯಂತೆ ವರ್ತಿಸುತ್ತದೆ. ಒಂದು ಉದಾಹರಣೆಯಿಂದ ಇದು ವಿಶದವಾಗುತ್ತದೆ. ವರ್ಧಕಕ್ಕೆ ೪೦ ವೋಲ್ಟುಗಳ ಪೂರೈಕೆ ಇದೆಯೆಂದೂ ಸ್ಪೀಕರಿನ ರೋಧ ೮ ಓಮ್ ಎಂದೂ ಇಟ್ಟುಕೊಂಡರೆ, ಸ್ವರದ ಯಾವುದೋ ಒಂದು ಕ್ಷಣದಲ್ಲಿ ಸ್ಪೀಕರಿಗೆ ೧೬ ವೋಲ್ಟು ಬೇಕಾಗಬಹುದು. ಆಗ ಅದರಲ್ಲಿ ೨ ಆಂಪಿಯರ್ ಪ್ರವಾಹ ಹರಿಯುತ್ತದೆ. ಸ್ಪೀಕರು ಪಡೆಯುವ ಶಕ್ತಿ ೩೨ ವ್ಯಾಟ್. ಉಳಿದ ೨೪ ವೋಲ್ಟುಗಳ ಗತಿಯೇನು? ಅವು ಟ್ರಾನ್ಸಿಸ್ಟರಿನ ಮೇಲೆಯೇ ನಿಲ್ಲುತ್ತವೆ. ಅದೇ ೨ ಆಂಪಿಯರ್ ಪ್ರವಾಹ ಅದರಲ್ಲಿಯೂ ಹರಿಯುತ್ತಿರುವುದರಿಂದ ೪೮ ವ್ಯಾಟ್ ಶಕ್ತಿ ಅಲ್ಲಿ ಕೇವಲ ಶಾಖವಾಗಿ ಪರಿಣಮಿಸುತ್ತದೆ. ಹಾಡಿಗೆ ಸಂದುದಕ್ಕಿಂತ ಬಿಸಿಗೆ ಸಂದುದೇ ಹೆಚ್ಚು! ಹಳೆಯ ವರ್ಧಕಗಳ ಹಿಂಬದಿಯಲ್ಲಿ ಏಣುಏಣಾದ ಅಲ್ಯೂಮಿನಿಯಂ ಹಲಗೆಗಳಿರುವುದು ಈ ಬಿಸಿಯನ್ನು ಗಾಳಿಗೆ ಬಿಡುವುದಕ್ಕಾಗಿಯೇ.

ಇಂತಹ ವರ್ಧಕಗಳನ್ನು ಇಂಗ್ಲಿಷಿನ ಅಕ್ಷರಗಳಿಂದ ವರ್ಗೀಕರಿಸುವುದು ವಾಡಿಕೆ. ಎ ವರ್ಗದ ವರ್ಧಕದಲ್ಲಿ ಹಾಡು ಇರಲಿ ಇಲ್ಲದಿರಲಿ ಪ್ರವಾಹ ಸದಾ ಹರಿಯುತ್ತಲೇ ಇರುತ್ತದೆ; ಅದರ ದಕ್ಷತೆ ಅತ್ಯುತ್ತಮ ಸ್ಥಿತಿಯಲ್ಲಿಯೂ ಶೇಕಡ ೫೦ನ್ನು ದಾಟದು. ಬಿ ವರ್ಗದಲ್ಲಿ ಎರಡು ಟ್ರಾನ್ಸಿಸ್ಟರುಗಳು ಒಂದೇ ಒರಳಿಗೆ ಇಬ್ಬರು ಸರದಿಯಂತೆ ಒನಕೆ ಹಾಕುವ ಹಾಗೆ ತರಂಗದ ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಹಂಚಿಕೊಂಡು ದುಡಿಯುತ್ತವೆ. ಸರದಿ ಬದಲಾಗುವ ಎಡೆಯಲ್ಲಿ ಸ್ವರ ತುಸು ಒರಟಾಗುವುದುಂಟು. ಆದ್ದರಿಂದ ಎರಡರಲ್ಲಿಯೂ ಸ್ವಲ್ಪ ಪ್ರವಾಹವನ್ನು ಸದಾ ಇರಿಸಿ ಆ ಒರಟುತನವನ್ನು ನೀಗುತ್ತಾರೆ. ಅದು ಎಬಿ ವರ್ಗ. ಬಿ ವರ್ಗದ ದಕ್ಷತೆ ಸಿದ್ಧಾಂತದಂತೆ ಶೇಕಡ ೭೮.೫ರವರೆಗೆ ಏರಬಲ್ಲುದು. ಆದರೆ ಇದು ವರ್ಧಕ ತನ್ನ ಪೂರ್ಣಶಕ್ತಿಯಲ್ಲಿ ಮೊಳಗುತ್ತಿರುವಾಗಿನ ಲೆಕ್ಕ. ಯಾವ ಭಾಗವತರೂ ಇಡೀ ರಾತ್ರಿ ಒಂದೇ ಏರುಕಂಠದಲ್ಲಿ ಹಾಡುವುದಿಲ್ಲ. ಪೂರ್ಣಶಕ್ತಿಯ ಹತ್ತರಲ್ಲೊಂದು ಪಾಲಿನಲ್ಲಿ ದುಡಿಯುವಾಗ ಅದೇ ವರ್ಧಕದ ದಕ್ಷತೆ ಸುಮಾರು ಶೇಕಡ ೨೫ಕ್ಕೆ ಇಳಿಯುತ್ತದೆ.

ಹೊಸ ಬಗೆಯ ವರ್ಧಕ ಈ ಅರೆ ತೆರೆದ ನಲ್ಲಿಯನ್ನೇ ತೊಡೆದುಹಾಕಿತು. ಅದರ ತರ್ಕ ಸರಳವಾದುದು. ಟ್ರಾನ್ಸಿಸ್ಟರಿನಲ್ಲಿ ನಷ್ಟವಾಗುವ ಶಕ್ತಿ ಅದರ ಮೇಲಿನ ವೋಲ್ಟು ಮತ್ತು ಅದರಲ್ಲಿ ಹರಿಯುವ ಆಂಪಿಯರ್‌ಗಳ ಗುಣಲಬ್ಧ. ಟ್ರಾನ್ಸಿಸ್ಟರು ಪೂರ್ತಿ ಮುಚ್ಚಿದ್ದರೆ ಪ್ರವಾಹವಿಲ್ಲ; ಪೂರ್ತಿ ತೆರೆದಿದ್ದರೆ ಅದರ ಮೇಲೆ ವೋಲ್ಟು ಇಲ್ಲವೆನ್ನುವಷ್ಟು ಅಲ್ಪ. ಎರಡು ಸ್ಥಿತಿಗಳಲ್ಲಿಯೂ ಗುಣಲಬ್ಧ ಸೊನ್ನೆಗೆ ಸಮೀಪ. ಹಾಗಿದ್ದರೆ ಟ್ರಾನ್ಸಿಸ್ಟರನ್ನು ನಲ್ಲಿಯಾಗಿ ಬಳಸದೆ ದೀಪದ ಸ್ವಿಚ್ಚಿನಂತೆ ಬಳಸಿದರಾಯಿತು. ಮೇಲಿನ ಉದಾಹರಣೆಯಲ್ಲಿ ೧೬ ವೋಲ್ಟು ಬೇಕಾದಾಗ ೪೦ ವೋಲ್ಟುಗಳ ಪೂರೈಕೆಯನ್ನು ಕಾಲದ ಶೇಕಡ ೪೦ ಭಾಗದಲ್ಲಿ ಮಾತ್ರ ಹಾಯಿಸಿ ಉಳಿದ ಭಾಗದಲ್ಲಿ ತಡೆದರೆ ಸರಾಸರಿ ೧೬ ವೋಲ್ಟೇ ಆಗುತ್ತದೆ.

ಈ ತೆರೆದುಮುಚ್ಚುವಿಕೆ ಕಿವಿಗೆ ಕೇಳದಷ್ಟು ಶೀಘ್ರವಾಗಿ ನಡೆಯಬೇಕು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಮಾತ್ರ ಗ್ರಹಿಸಬಲ್ಲುದು. ಇಂದಿನ ವರ್ಧಕಗಳಲ್ಲಿ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಮೂರು ನಾಲ್ಕು ಲಕ್ಷ ಬಾರಿ ತೆರೆದು ಮುಚ್ಚುವುದು ಸಾಮಾನ್ಯ. ಮೈಕಿನಿಂದ ಬಂದ ಸಂಕೇತವನ್ನು ಅಷ್ಟೇ ಶೀಘ್ರವಾದ ಒಂದು ತ್ರಿಕೋನಾಕಾರದ ತರಂಗದೊಡನೆ ಹೋಲಿಸುತ್ತಾರೆ. ಸಂಕೇತ ತ್ರಿಕೋನಕ್ಕಿಂತ ಮೇಲಿರುವಷ್ಟು ಹೊತ್ತು ಸ್ವಿಚ್ಚು ಒಂದು ಕಡೆಗೆ, ಕೆಳಗಿರುವಷ್ಟು ಹೊತ್ತು ಮತ್ತೊಂದು ಕಡೆಗೆ. ಹೀಗೆ ಸ್ವರದ ಏರಿಳಿತವೆಲ್ಲ ಮಿಡಿತಗಳ ಅಗಲವಾಗಿ ಮಾರ್ಪಡುತ್ತದೆ. ಕಡೆಯಲ್ಲಿ ಒಂದು ತಂತಿಯ ಸುರುಳಿಯೂ ಒಂದು ಧಾರಕವೂ ಸೇರಿದ ಶೋಧಕ ಆ ಮಿಡಿತಗಳನ್ನು ಸರಾಸರಿಗೊಳಿಸಿ ಮೂಲ ಸ್ವರದ ಆಕಾರವನ್ನು ಸ್ಪೀಕರಿಗೆ ಒಪ್ಪಿಸುತ್ತದೆ. ಇದೇ ಡಿ ವರ್ಗದ ವರ್ಧಕ. ಡಿ ಎಂದರೆ ಡಿಜಿಟಲ್ ಎಂಬ ನಂಬಿಕೆ ಅಂಗಡಿಗಳಲ್ಲಿ ಬಹಳ ಹರಡಿದೆ. ವಾಸ್ತವವಾಗಿ ಎ, ಬಿ, ಸಿಗಳು ಆಗಲೇ ಬಳಕೆಯಾಗಿದ್ದುದರಿಂದ ಉಳಿದ ಅಕ್ಷರ ಇದಕ್ಕೆ ಬಂದಿತು, ಅಷ್ಟೆ.

ಇದರಿಂದ ಮಂಡೆಕೋಲಿನಂತಹ ಊರಿಗೆ ಆಗುವ ಪ್ರಯೋಜನವನ್ನು ಅಂಕಿಗಳಲ್ಲಿಯೇ ನೋಡಬಹುದು. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಬಯಲಿನಲ್ಲಿ ಧ್ವನಿವರ್ಧಕದ ಬಳಕೆಯನ್ನು ನಿರ್ಬಂಧಿಸಿರುವುದರಿಂದ ಕಾಲಮಿತಿಯ ಪ್ರದರ್ಶನಗಳು ಈಗ ಹೆಚ್ಚಿವೆ. ಆದರೂ ಲೆಕ್ಕ ಸ್ಪಷ್ಟವಾಗುವುದಕ್ಕೆ ಹಿಂದಿನ ಕ್ರಮದ, ಬೆಳಗಿನವರೆಗಿನ ಆಟವನ್ನೇ ತೆಗೆದುಕೊಳ್ಳಬಹುದು. ರಾತ್ರಿ ಒಂಬತ್ತೂವರೆಗೆ ಆಟ ಆರಂಭವಾಗುವ ಹೊತ್ತಿಗೆ ಎಲ್ಲಿಯೋ ತಂತಿಯ ಮೇಲೆ ಮರ ಬಿದ್ದು ವಿದ್ಯುತ್ತು ಹೋಯಿತು, ಬೆಳಗಿನವರೆಗೂ ಬರಲಿಲ್ಲ. ಕೈಯಲ್ಲಿರುವುದು ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಅದರಲ್ಲಿ ಒಟ್ಟು ೧೨೦೦ ವ್ಯಾಟ್-ಗಂಟೆಯ ಶಕ್ತಿಯಿದ್ದರೂ ಬ್ಯಾಟರಿಯ ಆಯುಷ್ಯ ಕೆಡದಂತೆ ಅರ್ಧವನ್ನು, ಎಂದರೆ ೬೦೦ ವ್ಯಾಟ್-ಗಂಟೆಯನ್ನು ಬಳಸಬಹುದು. ವರ್ಧಕ ೨೦೦ ವ್ಯಾಟಿನದು. ಸರಾಸರಿಯಾಗಿ ಅದು ಸ್ಪೀಕರಿಗೆ ಕೊಡುವುದು ೨೦ ವ್ಯಾಟ್. ಬಿ ವರ್ಗದ ವರ್ಧಕ ಈ ೨೦ ವ್ಯಾಟಿಗಾಗಿ ಬ್ಯಾಟರಿಯಿಂದ ೮೦ ವ್ಯಾಟ್ ಎಳೆಯುತ್ತದೆ. ಏಳೂವರೆ ಗಂಟೆಗಳಲ್ಲಿ ಬ್ಯಾಟರಿಯ ಪಾಲು ಮುಗಿಯುತ್ತದೆ: ಮುಂಜಾನೆ ಐದು ಗಂಟೆಗೆ, ಮಂಗಳ ಹಾಡುವುದಕ್ಕೆ ಇನ್ನೂ ಹೊತ್ತಿರುವಾಗ, ಭಾಗವತರ ದನಿ ಒಡೆಯತೊಡಗುತ್ತದೆ. ಡಿ ವರ್ಗದ ವರ್ಧಕ ಶೇಕಡ ೮೦ ದಕ್ಷತೆಯಿಂದ ನಡೆದರೂ ಎಳೆಯುವುದು ೨೫ ವ್ಯಾಟ್ ಮಾತ್ರ. ಅದೇ ಬ್ಯಾಟರಿ ೨೪ ಗಂಟೆಗಳ ಕಾಲ ಬಾಳುತ್ತದೆ. ಇನ್ವರ್ಟರಿನಲ್ಲಾಗುವ ನಷ್ಟವನ್ನು ಎರಡು ಕಡೆಯೂ ಸೇರಿಸಿಲ್ಲ. ಸೇರಿಸಿದರೂ ಹೋಲಿಕೆ ಬದಲಾಗದು.

ಇಷ್ಟು ಲಾಭದಾಯಕವಾದ ಉಪಾಯ ತಡವಾಗಿ ಬಂದುದೇಕೆ? ವಾಸ್ತವವಾಗಿ ಉಪಾಯ ಹಳೆಯದು, ಉಪಕರಣ ಸಿದ್ಧವಿರಲಿಲ್ಲ. ೧೯೬೪ರಲ್ಲಿಯೇ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಎಂಬವರು ಎಕ್ಸ್-೧೦ ಎಂಬ ಹೆಸರಿನಿಂದ ಇಂತಹ ವರ್ಧಕವೊಂದನ್ನು ಮಾರಾಟಕ್ಕೆ ತಂದರು. ಆದರೆ ಅಂದಿನ ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವುದರಲ್ಲಿ ಬಹಳ ಮಂದ. ತೆರೆದುದಕ್ಕೂ ಮುಚ್ಚಿದುದಕ್ಕೂ ನಡುವಿನ ದಾರಿಯಲ್ಲಿ ಅವು ಕಾಲ ಕಳೆದಷ್ಟೂ ನಷ್ಟ ಹೆಚ್ಚುತ್ತಿತ್ತು. ಘೋಷಿಸಿದ ೧೦ ವ್ಯಾಟ್ ಕೈಗೆ ಬರಲಿಲ್ಲ, ರೇಡಿಯೊಗಳಿಗೆ ತೊಂದರೆಯಾಯಿತು. ೧೯೭೦ರ ದಶಕದ ಕೊನೆಗೆ ಜಪಾನಿನ ಸೋನಿ ಸಂಸ್ಥೆ ಕ್ಷೇತ್ರಪರಿಣಾಮದ ಟ್ರಾನ್ಸಿಸ್ಟರುಗಳಿಂದ ಮತ್ತೆ ಪ್ರಯತ್ನಿಸಿತು. ಮಾಸ್ಫೆಟ್ ಎಂಬ ಶೀಘ್ರಗತಿಯ ಟ್ರಾನ್ಸಿಸ್ಟರುಗಳು ಅಗ್ಗವಾಗಿ ದೊರೆತ ಮೇಲೆಯೇ ಡಿ ವರ್ಗ ಮನೆಮನೆಗೆ ಬಂದುದು.

ಆದರೂ ಹಳೆಯದೆಲ್ಲ ಕೀಳು, ಹೊಸದೆಲ್ಲ ಮೇಲು ಎಂದು ತೀರ್ಮಾನಿಸುವುದು ಅವಸರವಾದೀತು. ಸ್ವಿಚ್ಚಿನಂತೆ ದುಡಿಯುವ ಎರಡು ಟ್ರಾನ್ಸಿಸ್ಟರುಗಳು ಒಂದೇ ಕಾಲಕ್ಕೆ ತೆರೆದರೆ ಪೂರೈಕೆಯೆಲ್ಲ ಅವುಗಳ ಮೂಲಕವೇ ನುಗ್ಗಿ ಎರಡೂ ಸುಟ್ಟುಹೋಗುತ್ತವೆ. ಅದನ್ನು ತಪ್ಪಿಸಲು ಒಂದು ಮುಚ್ಚಿದ ಮೇಲೆ ಮತ್ತೊಂದು ತೆರೆಯುವ ಮುನ್ನ ಕ್ಷಣದ ಕೋಟಿಯ ಅಂಶದಷ್ಟು ಬಿಡುವು ಕೊಡುತ್ತಾರೆ. ಈ ಬಿಡುವೇ ಸ್ವರದಲ್ಲಿ ವಿರೂಪವನ್ನು ತರುತ್ತದೆ. ಮಿಡಿತದ ಎತ್ತರ ಪೂರೈಕೆಯ ವೋಲ್ಟೇ ಆಗಿರುವುದರಿಂದ ಪೂರೈಕೆ ಹೊಯ್ದಾಡಿದರೆ ಸ್ವರವೂ ಹೊಯ್ದಾಡುತ್ತದೆ. ವೋಲ್ಟು ಸ್ಥಿರವಾಗಿರದ ಹಳ್ಳಿಗಳಲ್ಲಿ ಇದು ಸಣ್ಣ ದೋಷವಲ್ಲ. ಹೊರಬಂದ ಸ್ವರದ ಒಂದಂಶವನ್ನು ಹಿಂದಕ್ಕೆ ತಂದು ಮೂಲದೊಡನೆ ಹೋಲಿಸಿ ತಪ್ಪನ್ನು ತಿದ್ದುವ ಉಪಾಯವನ್ನು ೧೯೨೭ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದರು. ಉತ್ತಮ ಡಿ ವರ್ಗದ ವರ್ಧಕಗಳಲ್ಲಿ ಅದೇ ಉಪಾಯ ಈ ಎರಡು ದೋಷಗಳನ್ನೂ ಕಿವಿಗೆ ತಿಳಿಯದಷ್ಟು ಕುಗ್ಗಿಸುತ್ತದೆ. ತೀರ ಅಗ್ಗದ ಪೆಟ್ಟಿಗೆಗಳಲ್ಲಿ ಅದು ಸಾಲದು.

ರೇಡಿಯೊದ ತೊಂದರೆಯೂ ಪೂರ್ತಿ ಮಾಯವಾಗಿಲ್ಲ. ೧೯೭೬ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಹಲವು ದಶಕಗಳ ಕಾಲ ೧೦೮೯ ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಈ ಸೀಮೆಗೆ ಕೇಳಿಬಂದಿದೆ. ವರ್ಧಕವೊಂದು ೩೬೩ ಕಿಲೋಹರ್ಟ್ಸ್‌ನಲ್ಲಿ ತೆರೆದು ಮುಚ್ಚುತ್ತಿದ್ದರೆ ಅದರ ಮೂರರಷ್ಟು ಸರಿಯಾಗಿ ೧೦೮೯. ಶೋಧಕ ದುರ್ಬಲವಾಗಿ, ಸ್ಪೀಕರಿನ ತಂತಿ ಉದ್ದವಾಗಿದ್ದರೆ ಆ ತಂತಿಯೇ ಪ್ರಸಾರದ ಕಂಬವಾಗಿ ನೆರೆಮನೆಯ ರೇಡಿಯೊದಲ್ಲಿ ಕರ್ಕಶ ಸದ್ದನ್ನು ಎಬ್ಬಿಸೀತು. ಎಬಿ ವರ್ಗದ ವರ್ಧಕಕ್ಕೆ ಈ ಅಪವಾದವಿಲ್ಲ.

ಸ್ವರದ ಮಾಧುರ್ಯದ ವಿಷಯದಲ್ಲಿ ಚರ್ಚೆ ಬಹಳ ನಡೆದಿದೆ. ಆದರೆ ಸಾಮಾನ್ಯ ಸ್ಪೀಕರು ತಾನು ಪಡೆದ ವಿದ್ಯುಚ್ಛಕ್ತಿಯಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಮಾತ್ರ ಶಬ್ದವಾಗಿಸುತ್ತದೆ ಎಂಬುದನ್ನು ಚರ್ಚಿಸುವವರು ಮರೆಯುತ್ತಾರೆ. ಮರಕ್ಕೆ ಕಟ್ಟುವ ಕಹಳೆಯಾಕಾರದ ಸ್ಪೀಕರುಗಳ ದಕ್ಷತೆ ಇದಕ್ಕಿಂತ ಎಷ್ಟೋ ಹೆಚ್ಚು. ಅವುಗಳ ದನಿ ದೂರ ಹೋಗುತ್ತದೆ, ಇಂಪು ಮಾತ್ರ ಕಡಿಮೆ. ಬಯಲಿನ ಕೊನೆಯಲ್ಲಿ ಕುಳಿತವನಿಗೆ ಮಾತು ತಿಳಿಯುವುದು ತಿಳಿಯದಿರುವುದು ವರ್ಧಕದ ವರ್ಗಕ್ಕಿಂತ ಸ್ಪೀಕರಿನ ಆಯ್ಕೆ, ಅದನ್ನು ನಿಲ್ಲಿಸಿದ ಎಡೆ, ಮೈಕನ್ನು ಹಿಡಿದ ರೀತಿ ಇವುಗಳನ್ನೇ ಹೆಚ್ಚಾಗಿ ಅವಲಂಬಿಸಿದೆ.

ದುರಸ್ತಿಯ ಮಾತೊಂದು ಉಳಿಯಿತು. ಹಳೆಯ ವರ್ಧಕದ ಟ್ರಾನ್ಸಿಸ್ಟರು ಸುಟ್ಟರೆ ತಾಲೂಕು ಕೇಂದ್ರದ ಅಂಗಡಿಯಲ್ಲಿ ಮೀಟರು, ಬೆಸುಗೆಯ ಕಡ್ಡಿಗಳಿಂದಲೇ ಅದನ್ನು ಬದಲಾಯಿಸಬಲ್ಲ ಕುಶಲಿಗಳಿದ್ದಾರೆ. ಡಿ ವರ್ಗದ ಸಣ್ಣ ಪೆಟ್ಟಿಗೆಯಲ್ಲಿ ಇಡೀ ವ್ಯವಸ್ಥೆ ಉಗುರಿನಷ್ಟು ಅಗಲದ ಬಿಲ್ಲೆಯೊಂದರಲ್ಲಿ ಅಡಗಿರುವುದುಂಟು. ಕೆಟ್ಟರೆ ಹಲಗೆಯನ್ನೇ ಬದಲಾಯಿಸಬೇಕು, ಹಲಗೆ ದೂರದಿಂದ ಬರಬೇಕು. ಭಾರವಾದ ಹಳೆಯ ಪೆಟ್ಟಿಗೆಯನ್ನು ಇಬ್ಬರು ಹಿಡಿದು ಗುಡ್ಡ ಹತ್ತಿಸುವ ಕಷ್ಟವನ್ನು ಬಲ್ಲವರೂ ಈ ಕಾರಣದಿಂದ ಅದನ್ನು ಮಾರಿಬಿಡಲು ಹಿಂಜರಿಯುತ್ತಾರೆ.